ಗೂಳಿ ಅಕ್ಷರ ಮತ್ತು ಕಾಕಾನ ಕನ್ನಡಿ

ಮಧ್ಯಾಹ್ನ ಎರಡು ರೊಟ್ಟಿ ತಿಂದು ಒಂದು ಗಳಿಗೆ ಅಡ್ಡಾದರೆ ಸಾಕು, ಈಗಲೂ ನನ್ನ ಮುಚ್ಚಿದ ಕಣ್ಣೊಳಗೆ ಅಕ್ಷರಗಳು ಓಡಲು ಶುರು ಮಾಡುತ್ತವೆ. ಅಂಗೈ ಅಗಲದ, ದಪ್ಪನೆಯ, ಕಪ್ಪು ಮಿರುಗುವ ಅಕ್ಷರಗಳು. ಕುತ್ತಿಗೆ ಮುಂದೆ ಚಾಚಿ, ಬೆನ್ನು ಓರೆ ಮಾಡಿ, ಒಂದರ ಹಿಂದೆ ಒಂದು. ‘ಕ’ ಮುಂದೆ, ಅದರ ಹಿಂದೆ ಹೊಟ್ಟೆ ಹೊತ್ತುಕೊಂಡು ಏದುಸಿರು ಬಿಡುತ್ತ ‘ಮ’. ಅವು ನಮ್ಮ ಬೆಟಗೇರಿ ಮನೆಯ ಮುಂದಿನ ಕೋಣೆಯಿಂದ ಹೊರಟು, ನಡುಮನೆ ದಾಟಿ, ಅಡುಗೆಮನೆಯ ನೀರಿನ ಕೊಡ ಜಿಗಿದು, ಹಿತ್ತಿಲಿನ ಬೇವಿನ ಮರವನ್ನು ಒಂದು ಸುತ್ತು ಹಾಕಿ ಮತ್ತೆ ಒಳಗೆ ಬರುತ್ತವೆ. ಡಾಕ್ಟರರಿಗೆ ಹೇಳಿದರೆ ಪಿತ್ತ ಅನ್ನುತ್ತಾರೆ. ಅವರಿಗೇನು ಗೊತ್ತು? ಆ ಅಕ್ಷರಗಳು ನಮ್ಮ ಮನೆತನದವು. ಇನ್ನೂ ಖರೆ ಹೇಳಬೇಕೆಂದರೆ, ಅವುಗಳ ಓಟ ನನ್ನದು. ನಗುವವರು ನಗಲಿ. ಬೆಟಗೇರಿಯಲ್ಲಿ ನನ್ನಷ್ಟು ವಯಸ್ಸಾದವರು ಇನ್ನೂ ನಾಲ್ಕು ಜನ ಸಿಕ್ಕಾರು, ನನ್ನಷ್ಟು ಕಿಡಿಗೇಡಿ ಹೆಂಗಸು ಮತ್ತೊಬ್ಬಳು ಸಿಗಲಿಕ್ಕಿಲ್ಲ. ನನಗೆ ಶಾಂತಾ ಎಂದು ಹೆಸರಿಟ್ಟವಳು ನನ್ನ ಆಯಿ, ಅಪ್ಪನ ಅವ್ವ. ಆ ತಪ್ಪಿಗೆ ಅವಳು ಸಾಯುವತನಕ ಪಶ್ಚಾತ್ತಾಪ ಪಟ್ಟಳು.

ನಮ್ಮದು ಅಚ್ಚಿನ ಮನೆ. ಹೊಸ್ತಿಲು ದಾಟಿದರೆ ಮೊದಲು ಪ್ರೆಸ್ಸು, ಆಮೇಲೆ ಸಂಸಾರ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಕೈಮಷಿನ್ನು, ಗೋಡೆಗುಂಟ ಸೀಸದ ಅಕ್ಷರದ ಮೊಳೆಗಳ ಖಾನೆಗಳು, ಮೂಲೆಯಲ್ಲಿ ಕಾಗದದ ರಿಮ್ಮುಗಳು. ಆ ರಿಮ್ಮುಗಳ ಮೇಲೆ ಮಲಗಿದ ಸುಖ ನನಗೆ ಮುಂದೆ ಯಾವ ಗಾದಿಯ ಮೇಲೂ ಸಿಗಲಿಲ್ಲ. ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿಯುತ್ತಿತ್ತು. ಅದರೊಳಗೆ ಧೂಳು ಮೇಲೇಳುವುದನ್ನು ನೋಡುತ್ತ, ಪಕ್ಕದ ಮನೆಯ ಮಗ್ಗದ ಖಟಕ್ ಪಟಕ್ ಕೇಳುತ್ತ, ಶಾಯಿಯ ವಾಸನೆ ಮತ್ತು ಒಳಗಿನ ಜೋಳದ ರೊಟ್ಟಿಯ ವಾಸನೆ ಎಲ್ಲಿ ಕೂಡುತ್ತವೆ ಎಂದು ಹುಡುಕುತ್ತ ನಾನು ನಿದ್ದೆ ಹೋಗುತ್ತಿದ್ದೆ. ಅವು ಕೂಡುತ್ತಿದ್ದದ್ದು ನಡುಮನೆಯ ಕಂಬದ ಹತ್ತಿರ. ಆ ಕಂಬಕ್ಕೆ ಕಾಕಾನ ಕ್ಷೌರದ ಕನ್ನಡಿ ತೂಗುಬಿದ್ದಿತ್ತು, ತವರದ ಚೌಕಟ್ಟಿನ ಸಣ್ಣ ಕನ್ನಡಿ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅಪ್ಪ ಮತ್ತು ಕಾಕಾ ಒಂದೇ ತಾಯಿಯ ಮಕ್ಕಳು ಎಂದು ಹೇಳಿದರೆ ಹೊಸಬರು ನಂಬುತ್ತಿರಲಿಲ್ಲ. ಅಪ್ಪ ನೆಟ್ಟಗಿನ ಮನುಷ್ಯ. ಕೂತರೂ ನೆಟ್ಟಗೆ, ನಿಂತರೂ ನೆಟ್ಟಗೆ, ಮಲಗಿದರೆ ಹಲಗೆಯ ಹಾಗೆ. ಅವನ ಪ್ರೆಸ್ಸಿನ ಅಕ್ಷರಗಳೂ ಹಾಗೇ ಇದ್ದವು, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳಂತೆ. ಕಾಕಾ ಅಪ್ಪನಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಇನ್ನೂ ಲಗ್ನವಾಗಿರಲಿಲ್ಲ. ಮೊಳೆ ಜೋಡಿಸುವುದರಲ್ಲಿ ಅವನ ಕೈ ಬಲು ಚುರುಕು. ಆದರೆ ಕೈ ಖಾನೆಯಲ್ಲಿದ್ದರೆ ಕಣ್ಣು ಬೀದಿಯಲ್ಲಿರುತ್ತಿತ್ತು. ನಾಟಕದ ಭಿತ್ತಿಪತ್ರ ಅಚ್ಚಾಗುವ ದಿನ ಅವನ ಮುಖ ಸಪ್ಪಗಾಗುತ್ತಿತ್ತು.

“ಅಣ್ಣಾ, ಇದು ನಾಟಕದ ಹಾಳಿ. ಮಂದಿ ನಕ್ಕೋತ ಓಡಿ ಬರಬೇಕು. ನಮ್ಮ ಅಕ್ಷರ ನೋಡಿದ್ರ ಕಚೇರಿಯಿಂದ ನೋಟಿಸ್ ಬಂದಂಗ ಕಾಣತೈತಿ.”

“ಅಕ್ಷರ ಅಂದ್ರ ನೆಟ್ಟಗ ನಿಂದ್ರಬೇಕೋ ತಮ್ಮಾ. ಓಡಾಕ ಅದೇನು ಕುದರಿ ಏನು?”

“ಕುದರಿ ಆದ್ರ ಏನಾತು?”

ಅಪ್ಪ ಮಷಿನ್ನಿನ ಕಡೆ ತಿರುಗಿದ. ಆದರೆ ಆ ‘ಏನಾತು’ ಎಂಬ ಮಾತು ಮನೆಯೊಳಗೆ ಬೆಕ್ಕಿನ ಮರಿಯಂತೆ ಉಳಿದುಬಿಟ್ಟಿತು. ಎಲ್ಲಿ ಕೂತರೂ ಕಾಲಿಗೆ ಸುತ್ತಿಕೊಳ್ಳುತ್ತಿತ್ತು.

ಒಂದು ದಿನ ಅವ್ವ ಚಪಾತಿಗೆ ಕಣಕ ನಾದಿಟ್ಟಿದ್ದಳು. ಕಾಕಾ ಅಡುಗೆಮನೆಗೆ ಬಂದು ಒಂದು ಉಂಡೆ ಮುರಿದುಕೊಂಡು, ಹಾವಿನಂತೆ ಹೊಸೆದು, ಮಣೆಯ ಮೇಲೆ ‘ರ’ ಮಾಡಿದ. ಅದರ ಬುಡವನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು, ನೆತ್ತಿಯನ್ನು ಬಲಗೈಯಿಂದ ಮೆಲ್ಲಗೆ ಮುಂದಕ್ಕೆ ನೂಕಿದ. ದುಂಡಗಿದ್ದದ್ದು ತತ್ತಿಯಾಯಿತು. ಒಂದು ಕೆನ್ನೆ ಉಬ್ಬಿತು, ಇನ್ನೊಂದು ಕೆನ್ನೆ ಬತ್ತಿತು, ನಡುವಿನ ಕಣ್ಣು ಮುಚ್ಚಿಹೋಯಿತು. ಕಾಕಾ ತಲೆ ಓರೆ ಮಾಡಿ ನೋಡಿದ.

“ನೋಡ್ರಿ ವೈನಿ, ಬರೇ ನೂಕಿದ್ರ ಓಡೂದಿಲ್ಲ, ಬೀಳತೈತಿ. ಓಡಬೇಕಂದ್ರ ಇದರ ಮೈಯಾಗಿನ ಭಾರ ಮುಂದ ತರಬೇಕು. ಹಿಂದಿನ ಕಾಲು ನೆಲಾ ಒದ್ದಂಗ ಇರಬೇಕು.”

“ನಿನ್ನ ಅಕ್ಷರ ಓಡ್ಲಿ ಬಿಡ್ಲಿ, ನನ್ನ ಕಣಕ ಓಡಾಕತ್ತೈತಿ. ಇಡು ಆಕಡೆ!”

ಅವನು ಇಡಲಿಲ್ಲ. ಮುಂದಿನ ಎದೆಗೆ ಒಂದಿಷ್ಟು ಕಣಕ ಅಂಟಿಸಿದ, ಹಿಂದಿನ ಬಾಗನ್ನು ತೆಳ್ಳಗೆ ಮಾಡಿದ, ಕಡ್ಡಿಯಿಂದ ಕಣ್ಣನ್ನು ಮತ್ತೆ ಅಗಲಿಸಿದ. ದಪ್ಪ ಅಕ್ಷರಕ್ಕೆ ಶಾಯಿ ಹೆಚ್ಚು, ಕಣ್ಣು ಸಣ್ಣದಿದ್ದರೆ ಶಾಯಿ ಅದನ್ನು ತುಂಬಿಬಿಡುತ್ತದೆ ಎಂದು ಯಾರೂ ಕೇಳದಿದ್ದರೂ ಹೇಳಿದ. ತಲೆಕಟ್ಟನ್ನು ಕೋಡಿನ ಹಾಗೆ ಬಾಗಿಸಿದ. ಅದರ ಕೆಳಗೊಂದು ಒತ್ತಕ್ಷರ ಮಾಡಿಟ್ಟು, ಅದನ್ನು ಒಂದು ಬೆರಳು ಹಿಂದಕ್ಕೆ ಸರಿಸಿದ. ಇಲ್ಲದಿದ್ದರೆ ಕರು ತಾಯಿಯ ಹಿಂದೆ ಓಡುವುದು ಬಿಟ್ಟು ಅದರ ಮೂತಿಯ ಕೆಳಗೆ ಹೋಗಿ ನಿಂತಂತೆ ಕಾಣುತ್ತಿತ್ತು. ಕಡೆಗೆ ಅವ್ವ ಸಿಟ್ಟಿನಿಂದ ಆ ‘ರ’ವನ್ನೇ ಎತ್ತಿ ಹೆಂಚಿಗೆ ಹಾಕಿದಳು. ಅದನ್ನು ಬೆಲ್ಲ ಹಚ್ಚಿ ತಿಂದವಳು ನಾನು. ಅಕ್ಷರ ಕಲಿತವರು ಊರಲ್ಲಿ ಸಾವಿರ ಮಂದಿ ಇದ್ದಾರು, ಅಕ್ಷರವನ್ನು ಬಿಸಿಬಿಸಿ ತಿಂದವರು ಯಾರಿದ್ದಾರೆ ಹೇಳಿ.

ಉಳಿದದ್ದು ಎಷ್ಟು ಓರೆ ಎಂಬ ಪ್ರಶ್ನೆ. ಕಡಿಮೆಯಾದರೆ ತೂಕಡಿಸಿದಂತೆ, ಹೆಚ್ಚಾದರೆ ಮುಗ್ಗರಿಸಿದಂತೆ. ಕಾಕಾ ವಾರಗಟ್ಟಲೆ ಅಂಗಳದಲ್ಲಿ ಇದ್ದಿಲಿನಿಂದ ಗೀಚಿದ, ಅಳಿಸಿದ. ಅಂಥ ಒಂದು ಬೆಳಿಗ್ಗೆ ನಾನು ಗೋಡೆಯ ಗೂಡಿನಲ್ಲಿದ್ದ ಬೆಲ್ಲದ ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬಿಕೊಂಡು ಅಡುಗೆಮನೆಯಿಂದ ಹಾರಿದೆ. ಹಿಂದೆ ಆಯಿ, ಕೈಯಲ್ಲಿ ಊದುಗೊಳವೆ. ನಾನು ಅಂಗಳ ದಾಟುವಾಗ ಕಾಕಾ ಕೂಗಿದ.

“ಏ ಶಾಂತಿ, ಹಂಗ ನಿಂದ್ರು! ಅಲ್ಲೇ ನಿಂದ್ರು!”

“ನಿಂತ್ರ ಆಯಿ ಹೊಡೀತಾಳ ಕಾಕಾ!”

“ಹಂಗಾದ್ರ ಮತ್ತೊಮ್ಮಿ ಓಡು! ಅವ್ವಾ, ಇಕೀನ ಇನ್ನೊಮ್ಮಿ ಬೆನ್ನತ್ತು. ನೋಡು ಇಕಿ ಓಡೂದು, ತಲಿ ಮೊದಲ ಮುಟ್ಟತೈತಿ, ಕಾಲು ಆಮ್ಯಾಲೆ ಬರ್ತಾವ!”

ಆ ದಿನ ಆಯಿ ನನ್ನನ್ನು ಅಂಗಳದಲ್ಲಿ ಐದು ಸಾರಿ ಅಟ್ಟಿಸಿಕೊಂಡು ಓಡಿದಳು, ಕಾಕಾ ಐದು ಸಾರಿ ಗೆರೆ ಎಳೆದ. ಐದನೆಯ ಗೆರೆಯೇ ಆ ಅಕ್ಷರಗಳ ಓರೆಯಾಯಿತು. ಆದ್ದರಿಂದ ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಗೋಡೆಯ ಮೇಲೆ ಆ ಓರೆಯಲ್ಲಿ ಬರೆದ ದಪ್ಪ ‘ಕ’ವನ್ನು ನೋಡಿ ಆಯಿ ಊದುಗೊಳವೆ ಕೆಳಗಿಟ್ಟಳು.

“ಯವ್ವಾ, ಗೂಳಿ ಹಾಯಾಕ ಬಂದಂಗ ಐತಲ್ಲೋ ಇದು!”

ಅಂದಿನಿಂದ ಅವು ಗೂಳಿ ಅಕ್ಷರ.

ಆದರೆ ಗೂಳಿ ಗೋಡೆಯಿಂದ ಕಟ್ಟಿಗೆಗೆ ಇಳಿಯಬೇಕಿತ್ತು. ಅಷ್ಟು ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ಎತ್ತಲಿಕ್ಕಾಗುವುದಿಲ್ಲ, ಕಟ್ಟಿಗೆಯಲ್ಲೇ ಕೊರೆಯಬೇಕು. ಕಾಕಾ ಬೀಟೆ ಮರದ ತುಂಡುಗಳನ್ನು ಕೇಳಿದ. ಅಪ್ಪ ಒಲ್ಲೆ ಅಂದ. ಅದೇ ಸಮಯಕ್ಕೆ ಮುಂಡರಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ ತನಗೊಬ್ಬ ನಂಬಿಗಸ್ತ ಆಳು ಬೇಕೆಂದು ಹೇಳಿಕಳಿಸಿದ್ದ. ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ತನ್ನ ಮಾತು ಮುಂದಿಟ್ಟ.

“ಕಟ್ಟಿಗಿ ಕೊಡಸ್ತೀನಿ. ಮಾನೌಮಿ ಆದ ಮ್ಯಾಲೆ ಲಕ್ಷ್ಮೇಶ್ವರದ ಕಂಪನಿಯಾಂವ ಹೊಸಾ ನಾಟಕದ ಹಾಳಿ ಹೊಡಸಾಕ ಬರ್ತಾನ. ಅಂವ ನಿನ್ನ ಅಕ್ಷರ ಒಪ್ಪಿದ ಅಂದ್ರ ನೀ ಇಲ್ಲೇ ಇರು, ನಾ ಸುಮ್ಮನಾಗ್ತೀನಿ. ಒಪ್ಪಲಿಲ್ಲ ಅಂದ್ರ, ಮುಂಡರಗಿಗೆ ಹೋಗಿ ಅರಿವಿ ಅಳೀಬೇಕು. ಮತ್ತ ಅಕ್ಷರದ ಸುದ್ದಿ ತೆಗೀಬಾರದು.”

ಕಾಕಾ ಒಂದು ತುತ್ತು ನುಂಗಿ, “ಆತಣ್ಣ” ಅಂದ. ಅವ್ವ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಕಾಕಾ ಇಲ್ಲದ ಮನೆ ಹೇಗಿರುತ್ತದೆ ಎಂದು ನಾನು ಊಹಿಸಿ ನೋಡಿದೆ. ಕಂಬದ ಮೇಲೆ ಕನ್ನಡಿ ಇರಲಿಲ್ಲ, ಅಂಗಳದಲ್ಲಿ ಇದ್ದಿಲಿನ ಗೆರೆ ಇರಲಿಲ್ಲ, ನನ್ನ ಪುಂಡಾಟಕ್ಕೆ ಬಾಯಿ ಮುಚ್ಚಿಕೊಂಡು ನಗುವವರು ಯಾರೂ ಇರಲಿಲ್ಲ. ಬೇಡವೆನಿಸಿ ಮಜ್ಜಿಗೆ ಕುಡಿದು ಎದ್ದೆ.

ಶ್ರಾವಣದಿಂದ ಮಾನೌಮಿಯವರೆಗೆ ಕಾಕಾ ಕೊರೆದ. ಹಗಲು ಪ್ರೆಸ್ಸಿನ ಕೆಲಸ, ಸಂಜೆಯ ಬೆಳಕಿನಲ್ಲಿ ಹಿತ್ತಿಲ ಬೇವಿನ ಕೆಳಗೆ ಉಳಿ ಸುತ್ತಿಗೆ. ಅಚ್ಚಿಗೆ ಅಕ್ಷರವನ್ನು ತಿರುವುಮುರುವಾಗಿ ಕೊರೆಯಬೇಕು, ಹಾಗಿದ್ದರೆ ಮಾತ್ರ ಹಾಳೆಯ ಮೇಲೆ ನೇರ ಮೂಡುತ್ತದೆ. ಮೊಳೆ ಜೋಡಿಸಿ ಪಳಗಿದ ಕಾಕಾನಿಗೆ ತಿರುವುಮುರುವು ಅನ್ನುವುದು ಬಲಗೈಯಷ್ಟೇ ಸಲೀಸು, ಕುಂಚ ಹಿಡಿದು ಸೀದಾ ಕಟ್ಟಿಗೆಯ ಮೇಲೇ ಉಲ್ಟಾ ಬರೆಯುತ್ತಿದ್ದ. ಕೊರೆದದ್ದನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ, ಬೇವಿನ ನೆರಳಲ್ಲಿ ಸಾಲಾಗಿ ಒಣಗಿಸುತ್ತಿದ್ದ. ಹಿತ್ತಿಲೆಲ್ಲ ಆ ಎಣ್ಣೆಯ ಘಾಟು. ಒಂದನ್ನಾದರೂ ಶಾಯಿ ಹಚ್ಚಿ ನೋಡಬಹುದಿತ್ತು. ಆದರೆ ಆಯಿಯದೊಂದು ಕಟ್ಟಳೆಯಿತ್ತು. ಹೊಸ ಮೊಳೆಗೆ ಮಾನೌಮಿಯ ಖಂಡೆಪೂಜೆಯಲ್ಲಿ, ಆಯುಧಪೂಜೆ ಅಂತೀರಲ್ಲ ಅದರಲ್ಲಿ, ಅರಿಸಿನ ಕುಂಕುಮ ಬೀಳುವ ತನಕ ಶಾಯಿ ಮುಟ್ಟಿಸಬಾರದು. ಅಜ್ಜನ ಕಾಲದಿಂದ ಮನೆಯಲ್ಲಿ ಯಾರೂ ಅದನ್ನು ಮುರಿದಿರಲಿಲ್ಲ. ದೇವರಿಗೆ ಹೆದರದ ಕಾಕಾ ಆಯಿಗೆ ಹೆದರುತ್ತಿದ್ದ.

ನಾನು ಯಾರಿಗೂ ಹೆದರುತ್ತಿರಲಿಲ್ಲ, ಆದರೆ ಶಾಯಿಯ ಡಬ್ಬಿ ಬೀಗದಲ್ಲಿತ್ತು. ಅಚ್ಚಾದ ಮೇಲೆ ಗೂಳಿ ಹೇಗೆ ಕಾಣುತ್ತದೆ ಎಂದು ಎಲ್ಲರಿಗಿಂತ ಮೊದಲು ನೋಡಬೇಕೆಂಬ ಹಟ ನನಗೆ. ಪೂಜೆಗೆ ಇನ್ನೂ ಹದಿನೈದು ದಿನ ಇರುವಾಗ ಒಂದು ಮಧ್ಯಾಹ್ನ, ಎಲ್ಲರೂ ಮಲಗಿದ್ದರು. ನಾನು ಇನ್ನೂ ಎಣ್ಣೆ ಆರದ ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಕಲ್ಲಿಗೆ ಆನಿಸಿ ನಿಲ್ಲಿಸಿದೆ, ಕಂಬದಿಂದ ಕಾಕಾನ ಕನ್ನಡಿ ಬಿಚ್ಚಿಕೊಂಡು ಹೋಗಿ ಅವುಗಳ ಎದುರು ಹಿಡಿದೆ. ಕನ್ನಡಿಯೊಳಗೆ ಅಕ್ಷರಗಳು ನೇರವಾದವು. ಬೇವಿನ ಎಲೆಯ ನೆರಳು ಅವುಗಳ ಮೈಮೇಲೆ ತೂಗುತ್ತಿತ್ತು, ಕನ್ನಡಿಯ ಬೆಳಕು ನೀರಿನಂತೆ ಗೋಡೆಯ ಮೇಲೆ ಅಲುಗುತ್ತಿತ್ತು. ಅದು ಕನಸೋ ಖರೆಯೋ ತಿಳಿಯದಂಥ ಗಳಿಗೆ. ಆ ಗಳಿಗೆಯಲ್ಲಿ ನಾನು ಕಂಡೆ: ಗೂಳಿಗಳು ಮುಂದೆ ಹಾಯುತ್ತಿಲ್ಲ, ಹಿಂದಕ್ಕೆ ವಾಲಿವೆ. ಯಾರೋ ಹಗ್ಗ ಹಿಡಿದು ಜಗ್ಗಿದಂತೆ. ಕಾಕಾ ಅಕ್ಷರವನ್ನು ತಿರುವಿದ್ದ, ಓಟವನ್ನು ತಿರುವಲು ಮರೆತಿದ್ದ. ಅವನ ತಲೆಯೊಳಗೆ ಗೂಳಿ ಯಾವಾಗಲೂ ಬಲಕ್ಕೇ ಓಡುತ್ತಿತ್ತಲ್ಲ, ಕೈಯೂ ಕಟ್ಟಿಗೆಯ ಮೇಲೆ ಬಲಕ್ಕೇ ವಾಲಿಸಿತ್ತು.

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಸದ್ದಾಗದಂತೆ ಬಾಯಿಗೆ ಲಂಗ ತುರುಕಿಕೊಂಡು ನಕ್ಕೆ. ಇಷ್ಟು ಶಾಣ್ಯಾ ಕಾಕಾ, ಇಷ್ಟು ದೊಡ್ಡ ತಪ್ಪು! ಹೇಳಿಬಿಟ್ಟರೆ ಮೋಜೇ ಮುಗಿಯುತ್ತದೆ. ಮೊದಲ ಹಾಳೆ ಎತ್ತಿದಾಗ ಅವನ ಮುಖ ಹೇಗಾಗುತ್ತದೆ ನೋಡೋಣ ಎಂದು ಕನ್ನಡಿಯನ್ನು ಕಂಬಕ್ಕೆ ತೂಗುಹಾಕಿ, ಕಾಗದದ ರಿಮ್ಮಿನ ಮೇಲೆ ಹೋಗಿ ಮಲಗಿದೆ. ಹದಿನೈದು ದಿನವಿತ್ತು. ಹೇಳಿದ್ದರೆ ಅರ್ಧವಾದರೂ ಹೊಸದಾಗಿ ಕೊರೆಯುತ್ತಿದ್ದ. ಮುಂಡರಗಿಯ ಮಾತು ನನಗೆ ನೆನಪಿರಲಿಲ್ಲವೇ? ಇತ್ತು. ಒಂಬತ್ತು ವರ್ಷದ ಕಿಡಿಗೇಡಿಗೆ ನಾಳೆ ಅನ್ನುವುದು ಬೇರೆ ಊರು, ಅಷ್ಟೆ.

ಖಂಡೆಪೂಜೆಯ ದಿನ ಅಕ್ಷರಗಳನ್ನು ಮಷಿನ್ನಿನ ಮುಂದೆ ಸಾಲಾಗಿ ಇಟ್ಟು ಆಯಿ ಅರಿಸಿನ ಕುಂಕುಮ ಹಚ್ಚಿದಳು, ಕಾಯಿ ಒಡೆದಳು. ನಾಟಕದ ಹೆಸರು ‘ಮೀಸಿ ಕಳಕೊಂಡ ಮಾವ’. ಕಾಕಾ ಹೆಸರನ್ನು ಜೋಡಿಸಿದ, ಉರುಳೆಯಿಂದ ಶಾಯಿ ಹಚ್ಚಿದ, ಹಾಳೆ ಹಾಕಿದ, ಹಿಡಿಕೆ ಎಳೆದ. ನಾನು ಅವನ ಮುಖವನ್ನೇ ನೋಡುತ್ತ ನಿಂತಿದ್ದೆ. ಹಾಳೆ ಎತ್ತಿದ. ನಾನು ಕಾದಿದ್ದ ಮುಖ ಬರಲೇ ಇಲ್ಲ. ಅವನ ಮುಖದಲ್ಲಿ ಏನೂ ಇರಲಿಲ್ಲ, ಒರೆಸಿಟ್ಟ ಪಾಟಿಯಂತೆ. ಅಪ್ಪ ಹಿಂದಿನಿಂದ ಬಗ್ಗಿ ನೋಡಿದ.

“ಏ ತಮ್ಮಾ, ಗೂಳಿ ಅಲ್ಲೋ ಇವು. ಕುಡುದು ಗ್ವಾಡಿಗಿ ಆನಿಕೊಂಡ ಮಂದಿ!”

ಯಾರೂ ನಗಲಿಲ್ಲ. ಅಪ್ಪನಿಗೂ ಅದು ನಗುವ ಮಾತಲ್ಲವೆಂದು ತಿಳಿದಿರಬೇಕು, ತಿರುಗಿ ತನ್ನ ಕೈ ಒರೆಸಿಕೊಂಡ. ಕಾಕಾ ಇನ್ನೆರಡು ಹಾಳೆ ಎತ್ತಿದ, ಮೂರನೆಯದರಲ್ಲಿ ಅಕ್ಷರ ತಾವಾಗಿ ತಿರುಗಬಹುದೇನೋ ಎಂಬಂತೆ. ಆಮೇಲೆ ಶಾಯಿ ತೊಳೆದು, ಅಕ್ಷರಗಳನ್ನು ಒಂದೊಂದಾಗಿ ಒರೆಸಿ ಟ್ರಂಕಿಗೆ ಹಾಕಿ, ಕಂಪನಿಯವ ಬರುವುದನ್ನು ಕಾಯದೆ ನಾಳೆಯೇ ಮುಂಡರಗಿಗೆ ಹೊರಡುತ್ತೇನೆ ಅಂದ. ಹಬ್ಬದ ಹೋಳಿಗೆಯನ್ನು ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ನಾನು ಮೊದಲನೆಯದನ್ನೇ ತಟ್ಟೆಯಲ್ಲಿ ಬಿಟ್ಟೆ. ಹೇಳಬೇಕು ಅಂದುಕೊಂಡೆ. ಹೇಳಿದರೆ, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಾಕಾ ಕಂಬದ ಮುಂದೆ ನಿಂತು, ಕೊರೆಯುವ ಗಡಿಬಿಡಿಯಲ್ಲಿ ತಿಂಗಳಿಂದ ಬಿಟ್ಟಿದ್ದ ಗಡ್ಡ ಹೆರೆದುಕೊಳ್ಳುತ್ತಿದ್ದ. ಕನ್ನಡಿಯನ್ನು ಟವೆಲಿನ ತುದಿಯಿಂದ ಒರೆಸಿದ, ಮತ್ತೆ ಒರೆಸಿದ, ಬೆರಳನ್ನು ಮೂಗಿಗೆ ಹಿಡಿದು ಮೂಸಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಗಡ್ಡಕ್ಕೆ ಹೊರಳಿದ. ಹೋಗುವವನು ಎಲ್ಲರನ್ನೂ ನೋಡುತ್ತಾನೆ ಎಂದುಕೊಂಡೆ.

ಅವನನ್ನು ಬಸ್ ನಿಲ್ದಾಣಕ್ಕೆ ಒಯ್ಯಲು ರಾಜೇಸಾಬನ ಟಾಂಗಾ ಬಂದಿತು. ರಾಜೇಸಾಬನಿಗೆ ತನ್ನ ಟಾಂಗಾ ಎಂದರೆ ಹೆಂಡತಿ ಮಕ್ಕಳಿಗಿಂತ ಹೆಚ್ಚು, ಅದರ ಕರಿಯ ಮೇಲ್ಹೊದಿಕೆಯ ಮೇಲೆ ಕಾಗೆ ಕೂತರೂ ಕೆಳಗಿಳಿದು ತೊಳೆಯುತ್ತಿದ್ದ. ಆಯಿ ಅವನನ್ನು ಚಹಾಕ್ಕೆ ಒಳಗೆ ಕರೆದಳು. ನನ್ನ ತಲೆಯೊಳಗೆ ಒಂದು ದೀಪ ಹತ್ತಿತು. ಟಾಂಗಾ ಹೊಲಸಾದರೆ ಅವನು ತೊಳೆಯದೆ ಹೊರಡುವುದಿಲ್ಲ, ಅವನು ತೊಳೆಯುವಷ್ಟರಲ್ಲಿ ಮುಂಡರಗಿ ಬಸ್ಸು ಹೋಗಿರುತ್ತದೆ. ನಿನ್ನೆಯ ಮೂರು ಹಾಳೆಗಳಲ್ಲಿ ಎರಡನ್ನು ಎತ್ತಿಕೊಂಡೆ, ಮೈದಾ ಅಂಟಿನ ಡಬ್ಬಿ ಹಿಡಿದುಕೊಂಡೆ. ಗಾಲಿಯ ಮೇಲೆ ಹತ್ತಿ ಈ ಕಡೆ ಒಂದು, ಆ ಕಡೆ ಒಂದು, ಮೇಲ್ಹೊದಿಕೆಗೆ ರಪ್ಪನೆ ಬಡಿದೆ. ಅಂಟು ಸುರಿದು ಕುದುರೆಯ ಬಾಲಕ್ಕೂ ಹತ್ತಿತು. ಇಷ್ಟು ಚೊಕ್ಕ ಕಿಡಿಗೇಡಿತನ ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ರಾಜೇಸಾಬ ಹೊರಗೆ ಬಂದ, ನೋಡಿದ, ಸೊಂಟಕ್ಕೆ ಕೈ ಇಟ್ಟ.

“ಅರೆ ವಾ! ನಾಟಕದ ಹಾಳಿ, ನನ್ನ ಟಾಂಗಾಕ್ಕ! ಇರ್ಲಿ, ಇರ್ಲಿ. ಮಂದಿ ನೋಡ್ಲಿ.”

ನನ್ನ ಹೂಟ ಕೆಟ್ಟಿತು. ಕಾಕಾ ಟ್ರಂಕು ಇಟ್ಟು ಹತ್ತಿ ಕೂತ, ಹಾಳೆಯ ಕಡೆ ಕಣ್ಣೆತ್ತಿ ನೋಡಲಿಲ್ಲ. ಅದೇ ಹೊತ್ತಿಗೆ ಲಕ್ಷ್ಮೇಶ್ವರದ ಕಂಪನಿಯ ಮ್ಯಾನೇಜರ ನಡೆದುಕೊಂಡು ಬಂದು ನಮ್ಮ ಕಟ್ಟೆ ಹತ್ತಿದ. ಅಪ್ಪ ಉಳಿದ ಮೂರನೆಯ ಹಾಳೆಯನ್ನು ಅವನ ಕೈಗೆ ಕೊಟ್ಟ, ತಾನೇ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ.

“ತಮ್ಮ ಹೊಸಾ ನಮೂನಿ ಮಾಡಿದ್ದರಿ. ಕೂಡಿ ಬರಲಿಲ್ಲ. ನಮ್ಮ ಹಳೀ ಅಕ್ಷರದಾಗ ಚೊಲೋ ಹೊಡದು ಕೊಡ್ತೀನಿ.”

ಮ್ಯಾನೇಜರ ಹಾಳೆಯನ್ನು ದೂರ ಹಿಡಿದು ತುಟಿ ಬಿಗಿದ. “ಮಾವ ಹಿಂದಕ ಬೀಳಾಕತ್ತಾನಲ್ರಿ. ಬ್ಯಾಡ ಬಿಡ್ರಿ ಇದು.”

ರಾಜೇಸಾಬ ಲಗಾಮು ಜಗ್ಗಿದ. ಟಾಂಗಾ ರಸ್ತೆಯ ಎಡಕ್ಕೆ, ನಮ್ಮ ಕಟ್ಟೆಗೆ ಎಡಮೈ ಕೊಟ್ಟು ನಿಂತಿತ್ತು, ಕುದುರೆಯ ಮೂತಿ ನಮ್ಮ ಎಡಕ್ಕೆ. ಅದು ಹೆಜ್ಜೆ ಕಿತ್ತಿತು, ಗೊರಸು ಟಕ್ ಟಕ್ ಅಂದಿತು, ಗಾಲಿ ತಿರುಗಿತು. ಆಗ ಮೇಲ್ಹೊದಿಕೆಯ ಮೇಲಿನ ಅಕ್ಷರಗಳಿಗೆ ಜೀವ ಬಂತು. ಎಡಕ್ಕೆ ವಾಲಿದ್ದವೆಲ್ಲ ಎಡಕ್ಕೆ ಹೊರಟ ಕುದುರೆಯ ಜೊತೆ ಕುತ್ತಿಗೆ ಚಾಚಿ ಹಾಯ್ದವು. ‘ಮೀ’ ಮುಂದೆ, ಹಿಂದೆ ಇಡೀ ಹಿಂಡು, ಬೆಳಗಿನ ಬಿಸಿಲಲ್ಲಿ ಹಸಿ ಅಂಟು ಬೆವರಿನಂತೆ ಮಿಂಚುತ್ತ. ಕುದುರೆ ಓಡುತ್ತಿತ್ತೋ, ಅಕ್ಷರಗಳು ಕುದುರೆಯನ್ನು ಓಡಿಸುತ್ತಿದ್ದವೋ! ಮಗ್ಗದ ಸದ್ದು ನಿಂತಂತಾಯಿತು. ನಾನು ಮುಚ್ಚಿದ ಕಣ್ಣೊಳಗೆ ಈಗಲೂ ಕಾಣುವುದು ಅದೇ ಗಳಿಗೆ. ಅಪ್ಪನ ಬಾಯಿ ತೆರೆದಿತ್ತು.

“ನಿಂದ್ರಸಲೇ ರಾಜೇಸಾಬ! ಟಾಂಗಾ ನಿಂದ್ರಸು!”

ಕೂಗಿದವನು ಮ್ಯಾನೇಜರನಲ್ಲ, ಅಪ್ಪ. ನೆಟ್ಟಗಿನ ಮನುಷ್ಯ ಕಟ್ಟೆಯಿಂದ ಧುಮುಕಿ, ಧೋತರ ಎತ್ತಿ ಹಿಡಿದು, ಮೈ ಮುಂದಕ್ಕೆ ಓರೆ ಮಾಡಿ ಓಡಿದ. ಮ್ಯಾನೇಜರ ಅವನ ಹಿಂದೆ, ನಾನು ಎಲ್ಲರಿಗಿಂತ ಮುಂದೆ. ಮ್ಯಾನೇಜರ ನಿಂತ ಟಾಂಗಾಕ್ಕೆ ಒಂದು ಸುತ್ತು ಹಾಕಿ ಬಲಮೈಯ ಹಾಳೆ ನೋಡಿ ಗಹಗಹಿಸಿದ.

“ಆ ಕಡೆ ಮಾವ ಓಡಾಕತ್ತಾನ, ಈ ಕಡೆ ಮಾವನ್ನ ಜಗ್ಗಿಕೊಂಡು ಹೊಂಟಾರ! ಏ ಹುಡುಗಾ, ಈ ಮಗ್ಗಲಿಗೆ ಇನ್ನೊಂದು ಜೋಡು ಬೇಕಲ್ಲ, ಈಕಡೆ ಓಡೂದು?”

ಕಾಕಾ ಟಾಂಗಾದಿಂದ ಇಳಿದು, ಹಾಳೆಯನ್ನು ಮೊದಲ ಸಲ ಕಂಡವನಂತೆ ನಿಂತಿದ್ದ. “ಎರಡು ತಿಂಗಳು ಬೇಕ್ರಿ” ಅಂದ.

“ಅಲ್ಲೀತನಕ ಗ್ವಾಡಿಗಿ ನಿಮ್ಮಣ್ಣನ ಅಕ್ಷರ, ಟಾಂಗಾದ ಎಡಕ್ಕ ನಿಂದು. ರಸ್ತಾದಾಗ ಎಡಗಡೆ ನಿಂತ ಮಂದೀನ ಹೆಚ್ಚು.”

ಅಪ್ಪ ಟ್ರಂಕನ್ನು ತಾನೇ ಇಳಿಸಿ ಹೆಗಲ ಮೇಲೆ ಹೊತ್ತು ಮನೆಯ ಕಡೆ ನಡೆದ. ಹೊಸ್ತಿಲಲ್ಲಿ ನಿಂತು, ಹಿಂದಿರುಗಿ ನೋಡದೆ ಕೇಳಿದ.

“ಕಟ್ಟಿಗಿ ಇನ್ನೂ ಅದಾವೇನೋ, ತರಸಬೇಕೋ?”

ಆಮೇಲೆ ಗೂಳಿಯ ರಾಜ್ಯ. ಎರಡು ಜೋಡು ಅಕ್ಷರ, ಎಡಕ್ಕೊಂದು ಓಟ, ಬಲಕ್ಕೊಂದು ಓಟ. ಟಾಂಗಾ, ಸೋಡಾ ಗಾಡಿ, ಟೆಂಟು ಸಿನಿಮಾದ ಬಂಡಿ, ಕೊನೆಗೆ ಲಾರಿಗಳ ಮೈಮೇಲಿನ ಹೆಸರು ಬರೆಯುವವರು ಕೂಡ ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಬಂದು ನಮ್ಮ ಹಾಳೆ ಒಯ್ದು ನೋಡಿ ಬರೆದರು. ಕುಸ್ತಿಗೆ, ನಾಟಕಕ್ಕೆ, ಬೀಡಿಗೆ, ಹಲ್ಲಿನ ಪುಡಿಗೆ ಗೂಳಿ. ಎರಡಕ್ಕೆ ಮಾತ್ರ ಆಯಿ ಬಿಡಲಿಲ್ಲ. ಲಗ್ನಪತ್ರಿಕೆಗೆ ಬೇಡ ಅಂದಳು, ಹೆಣ್ಣು ಗಂಡು ಮೊದಲೇ ಓಡಿಹೋದಂತೆ ಕಾಣುತ್ತದೆ ಎಂದು. ಒಮ್ಮೆ ಕುರ್ತಕೋಟಿಯ ಒಬ್ಬ ಗೌಡ ತೀರಿಕೊಂಡ ತನ್ನ ತಂದೆಯ ಶಿವಗಣಾರಾಧನೆಯ ಪತ್ರವನ್ನು ಅದೇ ಅಕ್ಷರದಲ್ಲಿ ಹೊಡೆಯಿರಿ ಎಂದು ಹಟ ಹಿಡಿದ. ಆಯಿ ಒಳಗಿನಿಂದಲೇ ಕೂಗಿದಳು, “ಬ್ಯಾಡೋ ಯಪ್ಪಾ, ಸತ್ತಾಂವ ಎದ್ದು ಓಡಿ ಬಂದಾನು!”

ಕಾಕಾ ಕೊನೆಯತನಕ ಬೆಟಗೇರಿಯಲ್ಲೇ ಇದ್ದ. ಅಂಟು ಬಳಿದವಳು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ, ಅಕ್ಷರಕ್ಕೆ ಜೀವ ಕೊಟ್ಟವಳು ನಾನು ಎಂದು ಇವತ್ತಿಗೂ ಹೇಳುತ್ತೇನೆ. ಕನ್ನಡಿಯ ಮಾತು ಮಾತ್ರ ಯಾರಿಗೂ ಹೇಳಲಿಲ್ಲ. ಕಾಕಾನಿಗೂ ಇಲ್ಲ. ನೂರು ಸಲ ಬಾಯಿತನಕ ಬಂತು. ಅವನು ಹಾಸಿಗೆ ಹಿಡಿದಾಗಲೂ ಪಕ್ಕದಲ್ಲಿ ಕೂತು ಹೇಳಬೇಕೆಂದೆ, ಅವನು ನನ್ನ ತಲೆ ಮೇಲೆ ಕೈ ಇಟ್ಟು, “ಏನ್ ಕಿತಾಪತಿ ಮಾಡಿದಿ ಇವತ್ತ?” ಎಂದು ಕೇಳಿದ. ನನಗೆ ಆಗ ಅರವತ್ತು ದಾಟಿತ್ತು. ನಕ್ಕುಬಿಟ್ಟೆ.

ಮೊನ್ನೆ ಕಾಕಾನ ಮೊಮ್ಮಗಳು ಪಲ್ಲವಿ ಬಂದಿದ್ದಳು. ಗೂಳಿ ಅಕ್ಷರವನ್ನು ಕಂಪ್ಯೂಟರಿಗೆ ಹಾಕುತ್ತಾಳಂತೆ, ಇನ್ನು ಯಾರು ಬೇಕಾದರೂ ಮೊಬೈಲಿನಲ್ಲೂ ಅದರಲ್ಲಿ ಬರೆಯಬಹುದಂತೆ. ಎರಡೂ ಓಟಗಳನ್ನು ಇಡು ಅಂದೆ, ಹೂಂ ಅಂದಳು. ಹಳೆಯ ಟ್ರಂಕು ತೆಗೆದು, ಒಂದೊಂದು ಅಕ್ಷರವನ್ನು ಒರೆಸಿ, ಕಿಟಕಿಯ ಬೆಳಕಲ್ಲಿಟ್ಟು ಫೋಟೊ ತೆಗೆಯುತ್ತಿದ್ದಳು. ಅಗಸೆ ಎಣ್ಣೆಯ ವಾಸನೆ ಇಷ್ಟು ವರ್ಷವಾದರೂ ಹೋಗಿರಲಿಲ್ಲ. ನಾನು ಅರೆಗಣ್ಣು ಮುಚ್ಚಿ ಗೋಡೆಗೆ ಆನಿಕೊಂಡಿದ್ದೆ.

“ಅಜ್ಜಿ, ಇಲ್ಲಿ ನೋಡ್ರಿ. ಈ ‘ಶ’ದ ತಳದಾಗ ಏನೋ ಕೊರದಾರ. ಉಲ್ಟಾ ಐತಿ, ಓದಾಕ ಬರವಲ್ದು.”

ಎರಡನೆಯ ಜೋಡಿನ ‘ಶ’ ಅದು, ಅವನು ಮನೆಯಲ್ಲಿ ಉಳಿದ ಮೇಲೆ ಕೊರೆದದ್ದು. ತಳದಲ್ಲಿ ಉಗುರಿನಷ್ಟು ಸಣ್ಣ ಅಕ್ಷರಗಳ ಎರಡು ಸಾಲು. ಅಚ್ಚಿನ ಮನೆಯ ಮಗಳು ನಾನು, ಉಲ್ಟಾ ಓದಲು ನನಗೆ ಕನ್ನಡಿ ಬೇಕಾದ ಕಾಲ ಎಂದೋ ಹೋಗಿದೆ. ಒಂದೇ ನೋಟಕ್ಕೆ ಓದಿದೆ. ಪಲ್ಲವಿಗೆ ಒಳಮನೆಯ ಕಡೆ ಕೈ ತೋರಿಸಿದೆ.

“ಒಳಗ ಗ್ವಾಡಿ ಮ್ಯಾಲೆ ಕನ್ನಡಿ ಐತಿ, ತಗೊಂಡ್ ಬಾ.”

ಅವಳು ತಂದಳು. ನಾನು ‘ಶ’ವನ್ನು ಬೆಳಕಿಗೆ ಹಿಡಿದು ಕನ್ನಡಿಯ ಎದುರು ತಿರುವಿದೆ. ಪಲ್ಲವಿ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಎಣ್ಣಿ ಕೈಲೆ ಹಿಡದ ಮ್ಯಾಲೆ ಕನ್ನಡಿ ವರಸಿ ಇಡಬೇಕ, ಶಾಂತಿ.”

“ಹಂಗಂದ್ರ ಏನಜ್ಜಿ?” ಅಂದಳು. ಅವತ್ತು ಬೆರಳು ಮೂಸಿ ಕಾಕಾ ನನ್ನ ಕಡೆ ನೋಡಿದ್ದು ನೆನಪಾಯಿತು. ಕನ್ನಡಿಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಮೂಡಿತ್ತು. ಅದನ್ನು ಸೆರಗಿನ ತುದಿಯಿಂದ ಒರೆಸಿದೆ, ಬೆಳಕಿಗೆ ಹಿಡಿದು ನೋಡಿದೆ, ಇನ್ನೊಮ್ಮೆ ಒರೆಸಿ ಅವಳ ಕೈಗೆ ಕೊಟ್ಟೆ.